ಡಿಸ್ಕ್ ಪ್ಲೇಯರ್‌ನಿಂದ ಆಡಿಯೋ ಇಂಟರ್ಫೇಸ್‌ಗೆ: ಕೋಆಕ್ಸಿಯಲ್ಲೋ, ಆಪ್ಟಿಕಲ್ಲೋ, ಬೇರೆ ದಾರಿಯೋ?

ಸಿಡಿ ಅಥವಾ ಡಿವಿಡಿ ಪ್ಲೇಯರ್‌ನ ಹಿಂಬದಿ ನೋಡಿದರೆ ಸಾಮಾನ್ಯವಾಗಿ ಎರಡು ಬಗೆಯ ಡಿಜಿಟಲ್ ಔಟ್‌ಪುಟ್ ಸಿಗುತ್ತವೆ. ಒಂದು ಕಿತ್ತಳೆ ಅಥವಾ ಕಪ್ಪು ಬಣ್ಣದ ಆರ್‌ಸಿಎ ಜ್ಯಾಕ್, ಅದು ಕೋಆಕ್ಸಿಯಲ್. ಇನ್ನೊಂದು ಚೌಕದಂಥ ಪುಟ್ಟ ಕಿಂಡಿ, ಪ್ಲೇಯರ್ ಆನ್ ಮಾಡಿದರೆ ಒಳಗಿನಿಂದ ಕೆಂಪು ಬೆಳಕು ಬರುತ್ತದೆ, ಅದು ಆಪ್ಟಿಕಲ್. ಕೆಲವು ಪ್ಲೇಯರ್‌ಗಳಲ್ಲಿ ಎರಡೂ ಇರುತ್ತವೆ. ಕೆಲವದರಲ್ಲಿ ಒಂದೇ. ಹೊಸ ಬ್ಲೂ-ರೇ ಪ್ಲೇಯರ್‌ಗಳಲ್ಲಿ ಬರೀ ಎಚ್‌ಡಿಎಂಐ ಇರುವುದೂ ಉಂಟು. ಇವನ್ನು ಆಡಿಯೋ ಇಂಟರ್ಫೇಸ್‌ಗೆ, ಅಂದರೆ ಕಂಪ್ಯೂಟರ್‌ನ ಒಳಗೂ ಹೊರಗೂ ಧ್ವನಿ ಸಾಗಿಸುವ ಪೆಟ್ಟಿಗೆಗೆ, ಜೋಡಿಸುವುದು ಹೇಗೆ ಅನ್ನುವುದೇ ಇಲ್ಲಿನ ವಿಷಯ.

ಎಲ್ಲರೂ ಮೊದಲು ಕೇಳುವ ಪ್ರಶ್ನೆ, ಇವೆರಡರಲ್ಲಿ ಯಾವುದರ ಸೌಂಡ್ ಚೆನ್ನಾಗಿರುತ್ತದೆ ಅಂತ. ನನ್ನ ಪ್ರಕಾರ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಅದಕ್ಕೂ ಮೊದಲು ಮೂರು ವಿಷಯ ಗೊತ್ತಾಗಬೇಕು. ಯಾವ ಕೆಲಸಕ್ಕೆ ಜೋಡಿಸುತ್ತಿದ್ದೀರಿ? ನಿಮ್ಮ ಇಂಟರ್ಫೇಸ್ ಏನನ್ನು ಒಳಗೆ ತೆಗೆದುಕೊಳ್ಳುತ್ತದೆ? ಪ್ಲೇಯರ್ ಆ ಜ್ಯಾಕ್‌ನಿಂದ ನಿಜವಾಗಿ ಏನನ್ನು ಹೊರಗೆ ಕಳಿಸುತ್ತದೆ? ಈ ಮೂರಕ್ಕೆ ಉತ್ತರ ಸಿಕ್ಕರೆ ಕೇಬಲ್ ಯಾವುದು ಅನ್ನುವುದು ಬಹುತೇಕ ತಾನಾಗಿಯೇ ತೀರ್ಮಾನವಾಗುತ್ತದೆ.

ಮೊದಲು: ಈ ಕೇಬಲ್ ನಿಮಗೆ ಬೇಕೇ ಬೇಕಾ?

ಮಾಮೂಲಿ ಆಡಿಯೋ ಸಿಡಿಯನ್ನು ಕಂಪ್ಯೂಟರ್‌ಗೆ ಹಾಕಿಕೊಳ್ಳುವುದಷ್ಟೇ ಉದ್ದೇಶವಾದರೆ ಪ್ಲೇಯರ್ ಬಿಡಿ. ಒಂದು ಸಿಡಿ ಡ್ರೈವ್ ತಗೊಂಡು ರಿಪ್ ಮಾಡಿ, ಅಂದರೆ ಡಿಸ್ಕ್‌ನ ಡೇಟಾವನ್ನು ನೇರವಾಗಿ ಫೈಲ್ ಆಗಿ ತೆಗೆದುಕೊಳ್ಳಿ. 74 ನಿಮಿಷದ ಡಿಸ್ಕನ್ನು ಪ್ಲೇಯರ್‌ನಿಂದ ರೆಕಾರ್ಡ್ ಮಾಡಲು 74 ನಿಮಿಷವೇ ಬೇಕು. ಆಮೇಲೆ ಕೂತು ಹಾಡುಗಳನ್ನು ಬೇರೆ ಬೇರೆ ಕತ್ತರಿಸಬೇಕು. ಡ್ರೈವ್‌ಗೆ ಅದರ ಸಣ್ಣ ಭಾಗದಷ್ಟು ಸಮಯ ಸಾಕು, ಟ್ರ್ಯಾಕ್‌ಗಳೂ ತಾವಾಗಿಯೇ ಬೇರೆಯಾಗಿ ಬರುತ್ತವೆ.

ಸಮಯಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಡಿಸ್ಕ್ ಮೇಲೆ ಗೀರು ಇದ್ದು ಡೇಟಾ ಓದಲು ಆಗದಿದ್ದರೆ ಪ್ಲೇಯರ್ ನಿಲ್ಲುವುದಿಲ್ಲ. ಅಕ್ಕಪಕ್ಕದ ಸ್ಯಾಂಪಲ್‌ಗಳನ್ನು (ಧ್ವನಿಯನ್ನು ಕ್ಷಣ ಕ್ಷಣಕ್ಕೆ ಅಳೆದ ಅಂಕಿಗಳನ್ನು) ನೋಡಿ ಮಧ್ಯದ್ದನ್ನು ಅಂದಾಜಿನಲ್ಲಿ ತುಂಬಿ ಮುಂದೆ ಹೋಗುತ್ತದೆ. ಕೇಳುವಾಗ ಇದು ಒಳ್ಳೆಯದೇ. ಆದರೆ ಆ ಅಂದಾಜು ಡಿಜಿಟಲ್ ಔಟ್‌ಪುಟ್‌ನಲ್ಲೂ ಹಾಗೇ ಹೋಗಿ ನಿಮ್ಮ ರೆಕಾರ್ಡಿಂಗ್‌ಗೆ ಸೇರಿಬಿಡುತ್ತದೆ. ಎಲ್ಲಿ ಸೇರಿತು ಅಂತ ಯಾರೂ ಹೇಳುವುದಿಲ್ಲ. ಒಳ್ಳೆಯ ರಿಪ್ಪಿಂಗ್ ಸಾಫ್ಟ್‌ವೇರ್ ಅದೇ ಜಾಗವನ್ನು ಮತ್ತೆ ಮತ್ತೆ ಓದಿಸುತ್ತದೆ, ಓದಲು ಆಗದೇ ಇದ್ದರೆ ಅದನ್ನೂ ತಿಳಿಸುತ್ತದೆ.

ಹಾಗಾದರೆ ಪ್ಲೇಯರ್ ಜೋಡಿಸುವ ಅಗತ್ಯ ಯಾರಿಗೆ? ಮೊದಲನೆಯದಾಗಿ ಕೇಳುವವರಿಗೆ. ಇಂಟರ್ಫೇಸ್‌ಗೆ ಒಳ್ಳೆಯ ಮಾನಿಟರ್ ಸ್ಪೀಕರ್, ಹೆಡ್‌ಫೋನ್ ಈಗಾಗಲೇ ಜೋಡಿಸಿರುತ್ತೀರಿ. ಸಿಡಿಯೂ ಅದರಲ್ಲೇ ಕೇಳಿಸಲಿ ಅನ್ನುವ ಆಸೆ ಸಹಜ ಅಲ್ವಾ. ಎರಡನೆಯದು, ಕಂಪ್ಯೂಟರ್ ಡ್ರೈವ್ ಓದದ ಡಿಸ್ಕ್‌ಗಳು. ಸಿಡಿ ರೆಕಾರ್ಡರ್‌ನಲ್ಲಿ ಮಾಡಿ, ಫೈನಲೈಸ್ ಅನ್ನುವ ಕೊನೆಯ ಹಂತ ಮುಗಿಸದೇ ಬಿಟ್ಟ ಸಿಡಿ-ಆರ್ ಅಂಥದ್ದು. ರೆಕಾರ್ಡ್ ಮಾಡಿದ ಯಂತ್ರದಲ್ಲಿ ಅದು ಓಡುತ್ತದೆ, ಬೇರೆ ಕಡೆ ಹೆಚ್ಚಾಗಿ ಓಡುವುದಿಲ್ಲ. ಪುಟ್ಟ ಡಬ್ಬಿಯೊಳಗಿನ ಆಡಿಯೋ ಡಿಸ್ಕ್ ಆದ ಮಿನಿಡಿಸ್ಕ್ ಕೂಡ ಹೀಗೆ. ಮನೆಯಲ್ಲಿಡುವ ಮಿನಿಡಿಸ್ಕ್ ಡೆಕ್‌ಗಳಲ್ಲಿ ಆಪ್ಟಿಕಲ್ ಔಟ್‌ಪುಟ್ ಸಾಮಾನ್ಯ. ಮಿನಿಡಿಸ್ಕ್‌ನಲ್ಲಿರುವ ಧ್ವನಿಯನ್ನು ಉಳಿಸಿಕೊಳ್ಳಲು ಹೆಚ್ಚಿನವರಿಗೆ ಇದೇ ದಾರಿ. ಲೇಸರ್‌ಡಿಸ್ಕ್ (ಹಳೆಯ ಕಾಲದ ದೊಡ್ಡ ವಿಡಿಯೋ ಡಿಸ್ಕ್) ಇಟ್ಟುಕೊಂಡವರೂ ಇದೇ ಗುಂಪಿಗೆ ಸೇರುತ್ತಾರೆ.

ಲೇಸರ್‌ಡಿಸ್ಕ್‌ನವರಿಗೆ ಒಂದು ಎಚ್ಚರಿಕೆ. ಕೆಲವು ಲೇಸರ್‌ಡಿಸ್ಕ್ ಪ್ಲೇಯರ್‌ಗಳಲ್ಲಿ 'ಎಸಿ-3 ಆರ್‌ಎಫ್' ಅಂತ ಬರೆದ ಒಂದು ಆರ್‌ಸಿಎ ಜ್ಯಾಕ್ ಇರುತ್ತದೆ. ನೋಡಲು ಥೇಟ್ ಕೋಆಕ್ಸಿಯಲ್ ಡಿಜಿಟಲ್ ತರಹವೇ. ಆದರೆ ಅದು ಬೇರೆಯೇ ಸಿಗ್ನಲ್, ಅದನ್ನು ಮಾಮೂಲಿ ಡಿಜಿಟಲ್‌ಗೆ ಬದಲಿಸಲು ಡಿಮಾಡ್ಯುಲೇಟರ್ ಅನ್ನುವ ಪ್ರತ್ಯೇಕ ಸಾಧನ ಬೇಕು. ಇಂಟರ್ಫೇಸ್‌ಗೆ ನೇರವಾಗಿ ಹಾಕಿದರೆ ಏನೂ ಸಿಗದು.

ಇಂಟರ್ಫೇಸ್‌ನಲ್ಲಿ ಡಿಜಿಟಲ್ 'ಇನ್' ಇದೆಯಾ?

ಜಾಸ್ತಿ ಜನ ಎಡವುವ ಜಾಗ ಇದು. ಆಡಿಯೋ ಇಂಟರ್ಫೇಸ್ ಅಂದ ತಕ್ಷಣ ಡಿಜಿಟಲ್ ಇನ್‌ಪುಟ್ ಇದ್ದೇ ಇರುತ್ತದೆ ಅಂದುಕೊಳ್ಳಬೇಡಿ. ಎರಡು ಮೈಕ್ ಹಾಕುವ ಚಿಕ್ಕ ಇಂಟರ್ಫೇಸ್‌ಗಳಲ್ಲಿ ಹೆಚ್ಚಿನವಕ್ಕೆ ಇರುವುದಿಲ್ಲ. ತುಂಬಾ ಜನರ ಹತ್ತಿರ ಇರುವ ಫೋಕಸ್‌ರೈಟ್ ಸ್ಕಾರ್ಲೆಟ್ 2ಐ2ನಲ್ಲಿ ಇಲ್ಲ. ಬೆಹ್ರಿಂಗರ್ ಯುಸಿಎ202ನಲ್ಲಿ ಆಪ್ಟಿಕಲ್ ಜ್ಯಾಕ್ ಕಾಣುತ್ತದೆ, ಆದರೆ ಅದು ಔಟ್‌ಪುಟ್ ಮಾತ್ರ. ಪ್ಲೇಯರ್‌ನ ಔಟ್‌ಪುಟ್ ಅನ್ನು ಇನ್ನೊಂದು ಔಟ್‌ಪುಟ್‌ಗೆ ಜೋಡಿಸಿ ಎಷ್ಟು ಹೊತ್ತು ಕಾದರೂ ಶಬ್ದ ಬರುವುದಿಲ್ಲ. ಜ್ಯಾಕ್ ಪಕ್ಕದಲ್ಲಿ 'ಇನ್' ಅಂತ ಬರೆದಿದೆಯಾ ನೋಡಿ.

ಆಪ್ಟಿಕಲ್ 'ಇನ್' ಇದೆ ಅಂದುಕೊಳ್ಳೋಣ. ಅಲ್ಲೂ ಒಂದು ತಿರುವಿದೆ. ಅದೇ ಆಕಾರದ ಕಿಂಡಿ, ಅದೇ ಕೇಬಲ್ ಬಳಸಿ ಎರಡು ಬೇರೆ ಭಾಷೆಗಳಲ್ಲಿ ಮಾತಾಡಬಹುದು. ಒಂದು ಎಸ್/ಪಿಡಿಐಎಫ್, ಎಲ್ಲರ ಬಾಯಲ್ಲಿ ಸ್ಪಿಡಿಫ್. ಸೋನಿ ಮತ್ತು ಫಿಲಿಪ್ಸ್ ಸೇರಿ ತಂದದ್ದು, ಎರಡು ಚಾನೆಲ್‌ನ ಧ್ವನಿ ಒಯ್ಯುತ್ತದೆ. ಡಿಸ್ಕ್ ಪ್ಲೇಯರ್‌ಗಳು ಕಳಿಸುವುದು ಇದನ್ನೇ. ಇನ್ನೊಂದು ಏಡ್ಯಾಟ್, ಅಲೆಸಿಸ್ ಕಂಪನಿಯದ್ದು, 48 ಕಿಲೋಹರ್ಟ್ಜ್‌ವರೆಗೆ ಎಂಟು ಚಾನೆಲ್ ಒಯ್ಯುತ್ತದೆ. ಸ್ಟುಡಿಯೋ ಇಂಟರ್ಫೇಸ್‌ಗಳ ಆಪ್ಟಿಕಲ್ ಇನ್‌ಪುಟ್ ಮೊದಲಿಗೆ ಏಡ್ಯಾಟ್‌ಗೆ ಸೆಟ್ ಆಗಿರುವುದು ಸಾಮಾನ್ಯ. ಆರ್‌ಎಂಇ ಥರದ ಕಂಪನಿಗಳ ಎಷ್ಟೋ ಮಾಡೆಲ್‌ಗಳಲ್ಲಿ ಇದನ್ನು ಸ್ಪಿಡಿಫ್‌ಗೆ ಬದಲಿಸಬಹುದು. ಕೆಲವು ಇಂಟರ್ಫೇಸ್‌ಗಳಲ್ಲಿ ಬದಲಿಸಲು ಬರುವುದಿಲ್ಲ, ಆಪ್ಟಿಕಲ್ ಅಂದರೆ ಏಡ್ಯಾಟ್ ಮಾತ್ರ, ಸ್ಪಿಡಿಫ್ ಏನಿದ್ದರೂ ಕೋಆಕ್ಸಿಯಲ್‌ನಲ್ಲಿ. ಅಂಥವರಿಗೆ ಆಯ್ಕೆಯ ತಲೆನೋವೇ ಇಲ್ಲ. ಮ್ಯಾನುಯಲ್‌ನಲ್ಲಿ ಈ ಒಂದು ಪುಟ ಓದಿಕೊಂಡರೆ ಒಂದು ಸಂಜೆ ಉಳಿಯುತ್ತದೆ.

ಕೋಆಕ್ಸಿಯಲ್ ಮತ್ತು ಆಪ್ಟಿಕಲ್

ಎರಡರಲ್ಲೂ ಹೋಗುವುದು ಒಂದೇ ಬಿಟ್‌ಗಳು. ಸಿಡಿಯ 16 ಬಿಟ್, 44.1 ಕಿಲೋಹರ್ಟ್ಜ್ ಸ್ಟೀರಿಯೋ ಅಂದರೆ ಸೆಕೆಂಡಿಗೆ 14,11,200 ಬಿಟ್. ಇದನ್ನು ಹೊರುವುದು ಎರಡಕ್ಕೂ ಕಷ್ಟವಲ್ಲ. ಇಂಟರ್ಫೇಸ್ ಸರಿಯಾಗಿ ಹಿಡಿದುಕೊಂಡರೆ ರೆಕಾರ್ಡ್ ಆದ ಫೈಲ್‌ಗಳಲ್ಲಿ ಒಂದು ಬಿಟ್‌ನ ವ್ಯತ್ಯಾಸವೂ ಇರುವುದಿಲ್ಲ. ಆದ್ದರಿಂದ ಆಪ್ಟಿಕಲ್‌ನಲ್ಲಿ ಸೌಂಡ್ ತೆಳು, ಕೋಆಕ್ಸಿಯಲ್‌ನಲ್ಲಿ ಗಟ್ಟಿ ಅನ್ನುವ ಮಾತನ್ನು ರೆಕಾರ್ಡಿಂಗ್ ವಿಷಯದಲ್ಲಿ ಪಕ್ಕಕ್ಕಿಡಿ.

ನೇರವಾಗಿ ಕೇಳುವಾಗ ಮಾತ್ರ ಜಿಟ್ಟರ್ ಅನ್ನುವುದು ಲೆಕ್ಕಕ್ಕೆ ಬರುತ್ತದೆ. ಸಿಗ್ನಲ್‌ನ ಸಮಯದಲ್ಲಿ ಆಗುವ ಪುಟ್ಟ ಅಲುಗಾಟ ಅದು. ಆಪ್ಟಿಕಲ್‌ನಲ್ಲಿ ವಿದ್ಯುತ್ತನ್ನು ಬೆಳಕು ಮಾಡಿ, ಮತ್ತೆ ವಿದ್ಯುತ್ ಮಾಡುವುದರಿಂದ ಇದು ಸ್ವಲ್ಪ ಜಾಸ್ತಿ ಆಗಬಹುದು. ಆದರೆ ಇಂದಿನ ಒಳ್ಳೆಯ ಇಂಟರ್ಫೇಸ್‌ಗಳು ಒಳಬಂದ ಕ್ಲಾಕನ್ನು (ಸ್ಯಾಂಪಲ್‌ಗಳು ಬರುವ ತಾಳವನ್ನು) ಶುದ್ಧಮಾಡಿಯೇ ಬಳಸುತ್ತವೆ. ಇದಕ್ಕಾಗಿ ಕೇಬಲ್ ಮೇಲೆ ಹಣ ಸುರಿಯುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ.

ನಿಜವಾದ ವ್ಯತ್ಯಾಸ ಇರುವುದು ಬೇರೆ ಕಡೆ. ಕೋಆಕ್ಸಿಯಲ್ ಅಂದರೆ ತಾಮ್ರ. ಪ್ಲೇಯರ್‌ನ ಗ್ರೌಂಡ್ ಮತ್ತು ಇಂಟರ್ಫೇಸ್‌ನ ಗ್ರೌಂಡ್ ಸೇರಿಬಿಡುತ್ತವೆ. ಕಂಪ್ಯೂಟರ್, ಟಿವಿ, ಆಂಪ್ಲಿಫೈಯರ್ ಎಲ್ಲ ಒಂದಕ್ಕೊಂದು ಜೋಡಿಸಿರುವ ಕಡೆ ಇದರಿಂದ ಸ್ಪೀಕರ್‌ನಲ್ಲಿ 'ಗುಂಯ್' ಅಂತ ಹಮ್ ಶುರುವಾಗಬಹುದು. ಹಮ್ ಡಿಜಿಟಲ್ ಡೇಟಾದಲ್ಲಿ ಬರುವುದಲ್ಲ, ಅನಲಾಗ್ ಭಾಗದಲ್ಲಿ ಬರುವುದು. ರೆಕಾರ್ಡಿಂಗ್ ಸ್ವಚ್ಛವಾಗಿದ್ದರೂ ಕೇಳುವಾಗ ಕಿರಿಕಿರಿ ತಪ್ಪದು. ಆಪ್ಟಿಕಲ್‌ನಲ್ಲಿ ಬೆಳಕು ಮಾತ್ರ ಹೋಗುವುದರಿಂದ ಈ ತೊಂದರೆಯೇ ಇಲ್ಲ. ಹಮ್ ಇದ್ದರೆ ಕಣ್ಣುಮುಚ್ಚಿ ಆಪ್ಟಿಕಲ್ ಆರಿಸಿ.

ಆಪ್ಟಿಕಲ್‌ನ ಕಷ್ಟ ಅದರ ನಾಜೂಕು. ತೋಷಿಬಾ 1983ರಲ್ಲಿ ತಂದ ಟಾಸ್‌ಲಿಂಕ್ ಕನೆಕ್ಟರ್ ಇದು, ಒಳಗಿರುವುದು ಪ್ಲಾಸ್ಟಿಕ್ ಎಳೆ. ಗೋಡೆಗೆ ಒತ್ತಿ ಚೂಪಾಗಿ ಬಗ್ಗಿಸಿದರೆ ಬೆಳಕು ಸೋರುತ್ತದೆ. ತುದಿಗೆ ಧೂಳು ಕೂತರೆ ಸಿಗ್ನಲ್ ಕುಂದುತ್ತದೆ. ಹೊಸ ಕೇಬಲ್‌ನ ತುದಿಯಲ್ಲಿರುವ ಪುಟ್ಟ ಪಾರದರ್ಶಕ ಟೋಪಿ ತೆಗೆಯದೇ ತುರುಕಿ, ಒಳಗೇ ಹೋಗುತ್ತಿಲ್ಲ ಅಂತ ಬೈಯುವವರೂ ಇದ್ದಾರೆ. ಉದ್ದ 5 ಮೀಟರ್ ಒಳಗಿದ್ದರೆ ನೆಮ್ಮದಿ. ಇನ್ನೊಂದು ಮಿತಿ ಸ್ಯಾಂಪಲ್ ರೇಟಿನದು, ಅಂದರೆ ಸೆಕೆಂಡಿಗೆ ಎಷ್ಟು ಸ್ಯಾಂಪಲ್ ಅನ್ನುವುದರದು. ಎಷ್ಟೋ ಆಪ್ಟಿಕಲ್ ಪೋರ್ಟ್‌ಗಳು 96 ಕಿಲೋಹರ್ಟ್ಜ್‌ವರೆಗೆ ಮಾತ್ರ ನಂಬಿಕೆಯಿಂದ ಕೆಲಸ ಮಾಡುತ್ತವೆ, 192ಕ್ಕೆ ತಡವರಿಸುತ್ತವೆ. ಸಿಡಿಗೆ ಇದು ಲೆಕ್ಕಕ್ಕೇ ಇಲ್ಲ.

ಕೋಆಕ್ಸಿಯಲ್‌ಗೆ 75 ಓಮ್ ಕೇಬಲ್ ಬೇಕು. ಅಂಗಡಿಯಲ್ಲಿ 'ಡಿಜಿಟಲ್' ಅಂತ ಬರೆದದ್ದೇ ಆಗಬೇಕಿಲ್ಲ. ಹಳೆಯ ಟಿವಿಗೆ ಬಳಸುತ್ತಿದ್ದ ಹಳದಿ ತುದಿಯ ಕಾಂಪೋಸಿಟ್ ವಿಡಿಯೋ ಕೇಬಲ್ ಕೂಡ 75 ಓಮಿನದೇ, ಸಲೀಸಾಗಿ ನಡೆಯುತ್ತದೆ. ಕೆಂಪು-ಬಿಳಿ ಆಡಿಯೋ ಕೇಬಲ್‌ನ ಒಂದು ಎಳೆ ಕೂಡ ಒಂದು ಮೀಟರ್ ಒಳಗೆ ಹೆಚ್ಚಾಗಿ ಕೆಲಸ ಮಾಡುತ್ತದೆ. ಪರೀಕ್ಷೆಗೆ ಪರವಾಗಿಲ್ಲ, ಕಾಯಂ ಇಡಬೇಡಿ. ಮಾಡಬಾರದ್ದು ಒಂದಿದೆ. ಕೋಆಕ್ಸಿಯಲ್ ಔಟ್‌ಪುಟ್ ಅನ್ನು ವೈ ಕೇಬಲ್‌ನಿಂದ ಎರಡು ಕಡೆ ಹಂಚಬೇಡಿ. ಸಿಗ್ನಲ್ ಇರುವುದೇ ಸುಮಾರು ಅರ್ಧ ವೋಲ್ಟ್, ಹಂಚಿದರೆ ಎರಡೂ ಕಡೆ ಕುಂಟುತ್ತದೆ.

ನನ್ನ ಆಯ್ಕೆ ಸರಳ. ಎರಡೂ ಇದ್ದರೆ ಮೊದಲು ಕೋಆಕ್ಸಿಯಲ್, ಯಾಕೆಂದರೆ ಕನೆಕ್ಟರ್ ಗಟ್ಟಿ, ಅಲುಗಾಡಿದರೂ ಕೈಕೊಡುವುದಿಲ್ಲ. ಹಮ್ ಬಂದರೆ ಆಪ್ಟಿಕಲ್.

ಪ್ಲೇಯರ್‌ನಲ್ಲಿ ಒಂದು, ಇಂಟರ್ಫೇಸ್‌ನಲ್ಲಿ ಇನ್ನೊಂದು ಇದ್ದರೆ ನಡುವೆ ಪುಟ್ಟ ಕನ್ವರ್ಟರ್ ಪೆಟ್ಟಿಗೆ ಹಾಕಬಹುದು. ಬಿಟ್‌ಗಳನ್ನು ಅದು ಮುಟ್ಟುವುದಿಲ್ಲ. ಆದರೆ ಹೆಚ್ಚಿನವು ಒಂದೇ ದಿಕ್ಕಿನವು. ಆಪ್ಟಿಕಲ್‌ನಿಂದ ಕೋಆಕ್ಸಿಯಲ್‌ಗೋ, ಕೋಆಕ್ಸಿಯಲ್‌ನಿಂದ ಆಪ್ಟಿಕಲ್‌ಗೋ ಅನ್ನುವುದನ್ನು ನೋಡಿ ತಗೊಳ್ಳಿ. ಅದಕ್ಕೆ ಪ್ರತ್ಯೇಕ ಪವರ್ ಕೂಡ ಬೇಕಾಗುತ್ತದೆ. ಹಳೆಯ ಪೋರ್ಟಬಲ್ ಸಿಡಿ ಪ್ಲೇಯರ್‌ಗಳಲ್ಲಿ ಕೆಲವಕ್ಕೆ ಲೈನ್ ಔಟ್‌ನ 3.5 ಮಿಲಿಮೀಟರ್ ರಂಧ್ರದಲ್ಲೇ ಆಪ್ಟಿಕಲ್ ಕೂಡ ಅಡಗಿರುತ್ತದೆ. ಅದಕ್ಕೆ ಮಿನಿ ಟಾಸ್‌ಲಿಂಕ್ ತುದಿಯ ಕೇಬಲ್ ಬೇಕು.

ಎಕ್ಸ್‌ಎಲ್‌ಆರ್ ತುದಿಯ ಡಿಜಿಟಲ್

ಸ್ಟುಡಿಯೋ ದರ್ಜೆಯ ಸಿಡಿ ಪ್ಲೇಯರ್‌ಗಳಲ್ಲಿ ಎಇಎಸ್/ಇಬಿಯು ಅನ್ನುವ ಔಟ್‌ಪುಟ್ ಇರುತ್ತದೆ. ಮೈಕ್ ಕೇಬಲ್‌ನಂಥದೇ ತುದಿ, 110 ಓಮ್, ಸ್ಪಿಡಿಫ್‌ಗಿಂತ ಜೋರಾದ ಸಿಗ್ನಲ್, ದೂರಕ್ಕೂ ಸರಿ. ಇಂಟರ್ಫೇಸ್‌ನಲ್ಲೂ ಅದೇ ಇನ್‌ಪುಟ್ ಇದ್ದರೆ ಬೇರೆ ಯೋಚನೆ ಬೇಡ. ಮೈಕ್ ಇನ್‌ಪುಟ್‌ಗೆ ಮಾತ್ರ ಇದನ್ನು ಹಾಕಬೇಡಿ. ತುದಿ ಕೂತುಕೊಳ್ಳುತ್ತದೆ, ಕೆಲಸ ಆಗುವುದಿಲ್ಲ.

ಎಲ್ಲಕ್ಕಿಂತ ಮುಖ್ಯ: ಕ್ಲಾಕ್

ಕೇಬಲ್ ಸರಿ ಇದೆ, ಇನ್‌ಪುಟ್ ಸರಿ ಇದೆ, ಧ್ವನಿಯೂ ಬರುತ್ತಿದೆ. ಆದರೆ ಆಗಾಗ 'ಟಿಕ್' ಅನ್ನುತ್ತದೆ. ಈ ದೂರಿಗೆ ಹತ್ತರಲ್ಲಿ ಒಂಬತ್ತು ಸಲ ಕಾರಣ ಕೇಬಲ್ ಅಲ್ಲ, ಕ್ಲಾಕ್.

ಪ್ಲೇಯರ್ ಒಳಗೆ ಒಂದು ಗಡಿಯಾರವಿದೆ. ಸೆಕೆಂಡಿಗೆ 44,100 ಸ್ಯಾಂಪಲ್ ಲೆಕ್ಕ ಹಾಕಿ ಹೊರಗೆ ಬಿಡುವುದು ಅದೇ. ಇಂಟರ್ಫೇಸ್ ಒಳಗೂ ತನ್ನದೇ ಗಡಿಯಾರವಿದೆ. ಎರಡೂ 44.1 ಅಂತಲೇ ಹೇಳಿಕೊಂಡರೂ ನಿಖರವಾಗಿ ಒಂದೇ ಆಗಿರುವುದಿಲ್ಲ. ಇಬ್ಬರು ಒಬ್ಬರನ್ನೊಬ್ಬರು ಕೇಳಿಸಿಕೊಳ್ಳದೇ ತಾಳ ಹಾಕಿದರೆ ಸ್ವಲ್ಪ ಹೊತ್ತಿನಲ್ಲಿ ಬೇರೆಯಾಗುತ್ತಾರಲ್ಲ, ಹಾಗೆ. ಹತ್ತು ಲಕ್ಷಕ್ಕೆ 50ರಷ್ಟು ವ್ಯತ್ಯಾಸ ಅಂದರೆ ತೀರಾ ಚಿಕ್ಕದು. ಆದರೂ ಸೆಕೆಂಡಿಗೆ ಎರಡು ಸ್ಯಾಂಪಲ್ ಉಳಿಯುತ್ತವೆ ಅಥವಾ ಸಾಲದೇ ಬರುತ್ತವೆ. ಇಂಟರ್ಫೇಸ್ ಅವನ್ನು ಬಿಡುತ್ತದೆ, ಇಲ್ಲವೇ ಎರಡು ಸಲ ಬಳಸುತ್ತದೆ. ಕೇಳಿಸುವ ಟಿಕ್ ಅದೇ.

ಪರಿಹಾರ ಒಂದೇ. ಇಂಟರ್ಫೇಸ್ ತನ್ನ ಗಡಿಯಾರ ಬಿಟ್ಟು ಪ್ಲೇಯರ್‌ನದನ್ನು ಅನುಸರಿಸಬೇಕು. ಇಂಟರ್ಫೇಸ್‌ನ ಕಂಟ್ರೋಲ್ ಸಾಫ್ಟ್‌ವೇರ್ ತೆರೆದು 'ಕ್ಲಾಕ್ ಸೋರ್ಸ್' ಅಥವಾ 'ಸಿಂಕ್' ಅನ್ನುವ ಜಾಗದಲ್ಲಿ 'ಇಂಟರ್ನಲ್' ಬದಲು 'ಸ್ಪಿಡಿಫ್' ಆರಿಸಿ. ಮ್ಯಾಕ್‌ನಲ್ಲಾದರೆ ಆಡಿಯೋ ಮಿಡಿ ಸೆಟಪ್‌ನಲ್ಲೂ ಈ ಆಯ್ಕೆ ಸಿಗುತ್ತದೆ. ಸರಿಯಾಗಿ ಹಿಡಿದರೆ 'ಲಾಕ್' ಅಥವಾ 'ಸಿಂಕ್' ಅಂತ ತೋರಿಸುತ್ತದೆ. ಕೇಬಲ್ ಸಿಕ್ಕಿಸಿದ್ದೀರಿ, ಲಾಕ್ ಬಂದಿಲ್ಲ ಅಂದರೆ ಮುಂದಿನ ಯಾವ ಸೆಟ್ಟಿಂಗ್ ಮುಟ್ಟಿಯೂ ಪ್ರಯೋಜನವಿಲ್ಲ. ಮೊದಲು ಅದನ್ನು ಸರಿಮಾಡಿ.

ಸ್ಯಾಂಪಲ್ ರೇಟನ್ನೂ ಹೊಂದಿಸಬೇಕು. ಸಿಡಿ, ಮಿನಿಡಿಸ್ಕ್ 44.1. ಡಿವಿಡಿ ವಿಡಿಯೋ ಸಾಮಾನ್ಯವಾಗಿ 48. ನಿಮ್ಮ ರೆಕಾರ್ಡಿಂಗ್ ಪ್ರಾಜೆಕ್ಟ್ 48ರಲ್ಲಿದ್ದು, ಒಳಬರುವುದು 44.1 ಆಗಿ, ಸಾಫ್ಟ್‌ವೇರ್ ಅದನ್ನು ಗಮನಿಸದೇ ಹೋದರೆ, ಆಮೇಲೆ ಫೈಲ್ ಸುಮಾರು ಶೇಕಡಾ 9ರಷ್ಟು ವೇಗವಾಗಿ ಓಡುತ್ತದೆ. ಶ್ರುತಿ ಒಂದೂವರೆ ಸೆಮಿಟೋನ್‌ನಷ್ಟು ಮೇಲೆ ಹೋಗುತ್ತದೆ. ಹಾಡುವವರ ದನಿ ಯಾಕೋ ಎಳೆಯದಾಗಿ ಕೇಳಿಸುತ್ತಿದೆ ಅನ್ನಿಸಿದರೆ ಮೊದಲು ಇದನ್ನು ನೋಡಿ.

ಪ್ಲೇಯರ್ ಅನ್ನೇ ಇಂಟರ್ಫೇಸ್‌ನ ಹಿಂದೆ ನಡೆಸಲು ಆಗದಾ? ವರ್ಡ್ ಕ್ಲಾಕ್ ಇನ್‌ಪುಟ್ (ಹೊರಗಿನ ಗಡಿಯಾರವನ್ನು ತೆಗೆದುಕೊಳ್ಳುವ ಜ್ಯಾಕ್) ಇರುವ ಸ್ಟುಡಿಯೋ ಪ್ಲೇಯರ್‌ಗಳಲ್ಲಿ ಆಗುತ್ತದೆ. ಮನೆಬಳಕೆಯ ಪ್ಲೇಯರ್‌ಗಳಲ್ಲಿ ಆಗದು.

ಇನ್ನೊಂದು ಬಗೆಯ ಇಂಟರ್ಫೇಸ್‌ಗಳಿವೆ. ಡಿಜಿಟಲ್ ಇನ್‌ಪುಟ್‌ನಲ್ಲೇ ಸ್ಯಾಂಪಲ್ ರೇಟ್ ಕನ್ವರ್ಟರ್ ಇರುತ್ತದೆ. ಏನೇ ಬರಲಿ, ತನ್ನ ರೇಟಿಗೆ ಬದಲಿಸಿಕೊಂಡು ನುಂಗುತ್ತದೆ. ಕ್ಲಾಕ್ ಚಿಂತೆ ಇಲ್ಲ, ಟಿಕ್ ಇಲ್ಲ. ಸುಮ್ನೆ ಕೇಳುವವರಿಗೆ ಇದಕ್ಕಿಂತ ಹಾಯಾದದ್ದು ಬೇರೆ ಇಲ್ಲ. ಆದರೆ ಒಳಬಂದ ಬಿಟ್‌ಗಳು ಹಾಗೇ ಉಳಿಯುವುದಿಲ್ಲ, ಲೆಕ್ಕ ಹಾಕಿ ಹೊಸದಾಗಿ ಮಾಡಿದ್ದಾಗಿರುತ್ತವೆ. ಹಳೆಯ ಮಿನಿಡಿಸ್ಕ್ ಕಾಪಿಡುವ ಕೆಲಸವಾದರೆ, ಸಾಧ್ಯವಿದ್ದಲ್ಲಿ ಆ ಕನ್ವರ್ಟರ್ ಆಫ್ ಮಾಡಿ.

ಕ್ಲಾಕ್ ವಿಷಯದಲ್ಲಿ ಒಂದು ಪುಟ್ಟ ಉಪದ್ರವ ಉಳಿಯುತ್ತದೆ. ಕೆಲವು ಪ್ಲೇಯರ್‌ಗಳು ಸ್ಟಾಪ್ ಒತ್ತಿದಾಗ ಅಥವಾ ಟ್ರೇ ತೆರೆದಾಗ ಡಿಜಿಟಲ್ ಔಟ್‌ಪುಟ್ ಅನ್ನೇ ನಿಲ್ಲಿಸಿಬಿಡುತ್ತವೆ. ಇಂಟರ್ಫೇಸ್‌ನ ಗಡಿಯಾರ ಅಲ್ಲಿಂದಲೇ ಬರುತ್ತಿತ್ತಲ್ಲ, ಅದೂ ಕಂಗಾಲಾಗುತ್ತದೆ. ಕಂಪ್ಯೂಟರ್‌ನ ಉಳಿದ ಧ್ವನಿಯೂ ಕೆಲವೊಮ್ಮೆ ಕೆಟ್ಟು ಹೋಗುತ್ತದೆ. ಪ್ಲೇಯರ್ ಬಳಸಿ ಮುಗಿದ ಮೇಲೆ ಕ್ಲಾಕ್ ಮತ್ತೆ ಇಂಟರ್ನಲ್‌ಗೆ ಹಾಕುವುದನ್ನು ರೂಢಿ ಮಾಡಿಕೊಳ್ಳಿ.

ಪ್ಲೇಯರ್ ಏನು ಕಳಿಸುತ್ತಿದೆ?

ಸಿಡಿ ಪ್ಲೇಯರ್ ಆದರೆ ಇಲ್ಲಿ ಹೇಳುವುದು ಕಡಿಮೆ. ಡಿವಿಡಿ, ಬ್ಲೂ-ರೇ ಆದರೆ ಮೆನು ಒಳಗೆ ಹೋಗಲೇಬೇಕು.

'ಡಿಜಿಟಲ್ ಔಟ್' ಅನ್ನುವ ಸೆಟ್ಟಿಂಗ್‌ನಲ್ಲಿ ಪಿಸಿಎಂ ಮತ್ತು ಬಿಟ್‌ಸ್ಟ್ರೀಮ್ ಅಂತ ಎರಡು ಇರುತ್ತವೆ. ಕೆಲವರು ಬಿಟ್‌ಸ್ಟ್ರೀಮ್ ಅನ್ನು 'ರಾ' ಅಂತ ಬರೆದಿರುತ್ತಾರೆ. ಬಿಟ್‌ಸ್ಟ್ರೀಮ್ ಅಂದರೆ ಡಾಲ್ಬಿ ಅಥವಾ ಡಿಟಿಎಸ್ ವಿಧಾನದಲ್ಲಿ ಒತ್ತಿಟ್ಟ ಡೇಟಾವನ್ನು ಬಿಚ್ಚದೇ ಹಾಗೇ ಕಳಿಸುವುದು. ಹೋಮ್ ಥಿಯೇಟರ್ ರಿಸೀವರ್‌ಗೆ ಅದು ಬೇಕು. ಆಡಿಯೋ ಇಂಟರ್ಫೇಸ್‌ಗೆ ಅದನ್ನು ಬಿಚ್ಚಲು ಬರುವುದಿಲ್ಲ, ಮೌನವಾಗಿರುತ್ತದೆ ಅಥವಾ ಕಿವಿ ಕಿತ್ತುಹೋಗುವಂಥ 'ಜರ್' ಶಬ್ದ ಬರುತ್ತದೆ. ನಿಮಗೆ ಬೇಕಾದದ್ದು ಪಿಸಿಎಂ, ಅಂದರೆ ಬಿಚ್ಚಿದ ಮಾಮೂಲಿ ಡಿಜಿಟಲ್ ಧ್ವನಿ. ಮೊದಲ ಸಲ ಜೋಡಿಸುವಾಗ ಸ್ಪೀಕರ್ ವಾಲ್ಯೂಮ್ ಇಳಿಸಿಯೇ ಇಡಿ. ಹೆಡ್‌ಫೋನ್ ಹಾಕಿಕೊಂಡಿದ್ದರೆ ತೆಗೆದಿಡಿ.

ಪಿಸಿಎಂ ಆರಿಸಿದರೆ 5.1 ಚಾನೆಲ್‌ನ ಧ್ವನಿ ಎರಡಕ್ಕೆ ಇಳಿದು ಬರುತ್ತದೆ. ಸ್ಪಿಡಿಫ್‌ನಲ್ಲಿ ಬಿಚ್ಚಿದ ಪಿಸಿಎಂ ಎರಡೇ ಚಾನೆಲ್ ಹೋಗುತ್ತದೆ, ಅದಕ್ಕಿಂತ ಜಾಸ್ತಿ ಬೇಕೆಂದರೆ ಈ ಕೇಬಲ್ ಅಲ್ಲ. ಸಂಗೀತ ಕಛೇರಿಯ ಡಿವಿಡಿಗಳಲ್ಲಿ ಪಿಸಿಎಂ ಸ್ಟೀರಿಯೋ ಟ್ರ್ಯಾಕ್ ಬೇರೆಯಾಗಿಯೇ ಇದ್ದರೆ ಡಿಸ್ಕ್ ಮೆನುವಿನಲ್ಲಿ ಅದನ್ನೇ ಆರಿಸಿ. ಇಳಿಸಿ ಕಲಸಿದ್ದಕ್ಕಿಂತ ಅದು ಖಂಡಿತ ಮೇಲು.

ಡಿವಿಡಿಯಲ್ಲಿ 24 ಬಿಟ್, 96 ಕಿಲೋಹರ್ಟ್ಜ್ ಧ್ವನಿ ಇದ್ದರೂ ಔಟ್‌ಪುಟ್‌ನಲ್ಲಿ ಅದು ಬರುತ್ತದೆ ಅನ್ನುವ ಖಾತ್ರಿ ಇಲ್ಲ. ಮೆನುವಿನಲ್ಲಿ 'ಡೌನ್‌ಸ್ಯಾಂಪ್ಲಿಂಗ್' ಆನ್ ಇದ್ದರೆ 48 ಆಗುತ್ತದೆ. ಕಾಪಿ ರಕ್ಷಣೆ ಇರುವ ಡಿಸ್ಕ್ ಆದರೆ ಮೆನುವಿನಲ್ಲಿ ಆಫ್ ಮಾಡಿದರೂ ಸಾಮಾನ್ಯವಾಗಿ 48ಕ್ಕೇ ಇಳಿಯುತ್ತದೆ. ಬ್ಲೂ-ರೇಯ ಡಾಲ್ಬಿ ಟ್ರೂಎಚ್‌ಡಿ, ಡಿಟಿಎಸ್-ಎಚ್‌ಡಿ ಮಾಸ್ಟರ್ ಇವು ಪೂರ್ಣ ರೂಪದಲ್ಲಿ ಸ್ಪಿಡಿಫ್‌ನಲ್ಲಿ ಹಿಡಿಸುವುದೇ ಇಲ್ಲ.

ಎಸ್‌ಎಸಿಡಿ (ಸೂಪರ್ ಆಡಿಯೋ ಸಿಡಿ) ಇನ್ನೂ ಕಟ್ಟುನಿಟ್ಟು. 1999ರಲ್ಲಿ ಬಂದ ಈ ಡಿಸ್ಕ್‌ನಲ್ಲಿರುವುದು ಪಿಸಿಎಂ ಅಲ್ಲ, ಡಿಎಸ್‌ಡಿ ಅನ್ನುವ ಬೇರೆಯೇ ಬಗೆಯ ಡಿಜಿಟಲ್ ಧ್ವನಿ. ಎಸ್‌ಎಸಿಡಿ ಪದರ ಓಡುವಾಗ ಹೆಚ್ಚಿನ ಪ್ಲೇಯರ್‌ಗಳ ಕೋಆಕ್ಸಿಯಲ್, ಆಪ್ಟಿಕಲ್ ಎರಡೂ ಬಾಯಿ ಮುಚ್ಚಿಕೊಳ್ಳುತ್ತವೆ. ಕೇಬಲ್ ಕೆಟ್ಟಿತು ಅಂತ ಹೊಸದು ತರಬೇಡಿ. ಸಿಡಿ ಪದರವೂ ಇರುವ ಹೈಬ್ರಿಡ್ ಡಿಸ್ಕ್ ಆದರೆ ಪ್ಲೇಯರ್‌ನಲ್ಲಿ ಅದನ್ನು ಆರಿಸಿ, ಧ್ವನಿ ಬರುತ್ತದೆ.

ಸಿಡಿಯಲ್ಲೂ ಒಂದು ಹಳೆಯ ಕಿತಾಪತಿ ಇದೆ. 1980ರ ದಶಕದ ಕೆಲವು ಸಿಡಿಗಳಲ್ಲಿ ಪ್ರಿ-ಎಂಫಸಿಸ್ ಇರುತ್ತದೆ, ಅಂದರೆ ಮೇಲಿನ ಸ್ವರಗಳನ್ನು ಬೇಕಂತಲೇ ಹೆಚ್ಚಿಸಿರುತ್ತಾರೆ. ಪ್ಲೇಯರ್ ಅನಲಾಗ್ ಔಟ್‌ಪುಟ್‌ನಲ್ಲಿ ಅದನ್ನು ಇಳಿಸಿ ಸರಿಮಾಡುತ್ತದೆ. ಡಿಜಿಟಲ್‌ನಲ್ಲಿ ಒಂದು ಗುರುತು ಮಾತ್ರ ಕಳಿಸುತ್ತದೆ, ಇಂಟರ್ಫೇಸ್ ಅದನ್ನು ಗಮನಿಸದಿದ್ದರೆ ಧ್ವನಿ ಚುಚ್ಚುವಂತೆ ಕೇಳಿಸುತ್ತದೆ. ಒಂದೇ ಒಂದು ಹಳೆಯ ಡಿಸ್ಕ್ ಮಾತ್ರ ಹೀಗೆ ಕೇಳಿಸಿದರೆ ಇದನ್ನು ಅನುಮಾನಿಸಿ.

ಡಿಜಿಟಲ್ ಸಿಗ್ನಲ್‌ನಲ್ಲಿ ಕಾಪಿ ತಡೆಯುವ ಎಸ್‌ಸಿಎಂಎಸ್ ಅನ್ನುವ ಗುರುತೂ ಇರುತ್ತದೆ. ಮನೆಬಳಕೆಯ ಮಿನಿಡಿಸ್ಕ್, ಸಿಡಿ ರೆಕಾರ್ಡರ್‌ಗಳು ಅದಕ್ಕೆ ತಲೆಬಾಗುತ್ತವೆ. ಕಂಪ್ಯೂಟರ್ ಇಂಟರ್ಫೇಸ್‌ಗಳಲ್ಲಿ ಹೆಚ್ಚಿನವು ತಲೆಕೆಡಿಸಿಕೊಳ್ಳುವುದಿಲ್ಲ. ರೆಕಾರ್ಡ್ ಆಗುತ್ತದೆ ಅಂದ ಮಾತ್ರಕ್ಕೆ ಹಂಚಲು ಅನುಮತಿ ಸಿಕ್ಕಿತು ಅಂತಲ್ಲ, ಅದು ಬೇರೆ ವಿಷಯ.

ಎಚ್‌ಡಿಎಂಐ ಮಾತ್ರ ಇದ್ದರೆ

ಎಚ್‌ಡಿಎಂಐ ಆಡಿಯೋ ಎಕ್ಸ್‌ಟ್ರಾಕ್ಟರ್ ಅನ್ನುವ ಪೆಟ್ಟಿಗೆ ಸಿಗುತ್ತದೆ. ಒಂದು ಕಡೆ ಎಚ್‌ಡಿಎಂಐ ಹಾಕಿದರೆ ಇನ್ನೊಂದು ಕಡೆ ಆಪ್ಟಿಕಲ್ ಅಥವಾ ಕೋಆಕ್ಸಿಯಲ್ ಬರುತ್ತದೆ. ಪ್ಲೇಯರ್‌ನಲ್ಲಿ ಪಿಸಿಎಂ ಆರಿಸಿ, ಪೆಟ್ಟಿಗೆಯಲ್ಲಿ ಸ್ವಿಚ್ ಇದ್ದರೆ ಅದನ್ನು 2 ಚಾನೆಲ್‌ಗೆ ಇಡಿ. ನಡೆಯುತ್ತದೆ, ಆದರೆ ನನಗೆ ಇದು ಕೊನೆಯ ಆಯ್ಕೆ. ಟಿವಿ ಆನ್ ಆಗಿರಬೇಕು, ಇಲ್ಲದಿದ್ದರೆ ಧ್ವನಿ ಇಲ್ಲ ಅನ್ನುವಂಥ ವಿಚಿತ್ರಗಳು ಇದರ ಜೊತೆಗೇ ಬರುತ್ತವೆ. ಪ್ಲೇಯರ್‌ನಲ್ಲಿ ಕೋಆಕ್ಸಿಯಲ್ ಕೂಡ ಇದ್ದರೆ ಅದನ್ನೇ ಬಳಸಿ.

ಅನಲಾಗ್ ಅವಮಾನವಲ್ಲ

ಇಂಟರ್ಫೇಸ್‌ನಲ್ಲಿ ಡಿಜಿಟಲ್ ಇನ್ ಇಲ್ಲ, ಹೊಸದು ಕೊಳ್ಳುವ ಯೋಚನೆಯೂ ಇಲ್ಲ ಅಂದರೆ ಪ್ಲೇಯರ್‌ನ ಕೆಂಪು-ಬಿಳಿ ಜ್ಯಾಕ್‌ನಿಂದ ಇಂಟರ್ಫೇಸ್‌ನ ಲೈನ್ ಇನ್‌ಪುಟ್‌ಗೆ ಹಾಕಿ. ಪ್ಲೇಯರ್‌ನ ಪೂರ್ಣ ಮಟ್ಟ ಸಾಮಾನ್ಯವಾಗಿ 2 ವೋಲ್ಟ್, ಲೈನ್ ಇನ್‌ಪುಟ್‌ಗಳಿಗೆ ಅದು ಆರಾಮವಾಗಿ ಹಿಡಿಸುತ್ತದೆ. ಮೈಕ್ ಅಥವಾ ಗಿಟಾರ್ ಮೋಡ್‌ನಲ್ಲಿ ಬಿಟ್ಟಿದ್ದರೆ ಧ್ವನಿ ಒಡೆಯುತ್ತದೆ, ಲೈನ್‌ಗೆ ಬದಲಿಸಿ. ಕ್ಲಾಕ್ ಚಿಂತೆ ಇಲ್ಲ, ಪಿಸಿಎಂ-ಬಿಟ್‌ಸ್ಟ್ರೀಮ್ ಗೊಂದಲ ಇಲ್ಲ, ಎಸ್‌ಎಸಿಡಿಯೂ ಬರುತ್ತದೆ. ಒಮ್ಮೆ ಅನಲಾಗ್ ಆಗಿ ಮತ್ತೆ ಡಿಜಿಟಲ್ ಆಗುವುದರಿಂದ ಬಿಟ್‌ಗೆ ಬಿಟ್ ಹೊಂದುವುದಿಲ್ಲ, ಅಷ್ಟೇ. ಒಳ್ಳೆಯ ಪ್ಲೇಯರ್, ಒಳ್ಳೆಯ ಇಂಟರ್ಫೇಸ್ ಇದ್ದರೆ ಕಿವಿಗೆ ಆ ವ್ಯತ್ಯಾಸ ಸಿಗುವುದು ಕಷ್ಟ.

ಸರಿಯಾಗಿ ಬರುತ್ತಿದೆಯಾ, ಪರೀಕ್ಷಿಸುವುದು ಹೇಗೆ?

ಡಿಜಿಟಲ್ ದಾರಿ ಹಿಡಿದವರಿಗೆ ಒಂದು ಗಟ್ಟಿ ಪರೀಕ್ಷೆ ಇದೆ. ಒಂದು ಸಿಡಿಯ ಹಾಡನ್ನು ಪ್ಲೇಯರ್‌ನಿಂದ ರೆಕಾರ್ಡ್ ಮಾಡಿ, ಅದೇ ಹಾಡನ್ನು ಡ್ರೈವ್‌ನಲ್ಲಿ ರಿಪ್ ಮಾಡಿ. ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಎರಡನ್ನೂ ಒಂದರ ಕೆಳಗೊಂದು ಇಟ್ಟು, ಸ್ಯಾಂಪಲ್ ಮಟ್ಟಕ್ಕೆ ಝೂಮ್ ಮಾಡಿ ಸರಿಯಾಗಿ ಜೋಡಿಸಿ. ಒಂದನ್ನು ಇನ್ವರ್ಟ್ ಮಾಡಿ, ಅಂದರೆ ಅದರ ಅಲೆಯನ್ನು ತಲೆಕೆಳಗು ಮಾಡಿ, ಎರಡನ್ನೂ ಕೂಡಿಸಿ. ಪೂರ್ತಿ ಮೌನ ಬಂದರೆ ಎರಡೂ ಒಂದೇ, ನಿಮ್ಮ ದಾರಿಯಲ್ಲಿ ಯಾವುದೂ ಬಿಟ್ ಮುಟ್ಟುತ್ತಿಲ್ಲ.

ಮೌನದ ಬದಲು ಹಾಡಿನದೇ ಸಣ್ಣ ನೆರಳು ಉದ್ದಕ್ಕೂ ಕೇಳಿಸಿದರೆ ಎಲ್ಲೋ ಬದಲಾವಣೆ ಆಗುತ್ತಿದೆ. ಪ್ಲೇಯರ್‌ನ ಬಾಸ್ ಬೂಸ್ಟ್, ಸೌಂಡ್ ಮೋಡ್ ಆಫ್ ಮಾಡಿ ನೋಡಿ. ಇಂಟರ್ಫೇಸ್‌ನ ರೇಟ್ ಕನ್ವರ್ಟರ್ ನೋಡಿ. ವಿಂಡೋಸ್‌ನಲ್ಲಾದರೆ ರೆಕಾರ್ಡಿಂಗ್‌ಗೆ ಎಎಸ್‌ಐಒ ಡ್ರೈವರ್ ಬಳಸಿ, ಸಿಸ್ಟಮ್ ಮಿಕ್ಸರ್ ನಡುವೆ ಬರುವುದು ತಪ್ಪುತ್ತದೆ. ಮೊದಲು ಮೌನವಿದ್ದು ನಡುವೆ ಒಂದು ಕಡೆಯಿಂದ ಹಾಡು ಶುರುವಾದರೆ ಅಲ್ಲಿ ಸ್ಯಾಂಪಲ್ ಬಿದ್ದುಹೋಗಿದೆ, ಕ್ಲಾಕ್ ಲಾಕ್ ಆಗಿಲ್ಲ.

ಟಿಕ್ ಶಬ್ದದ ಸ್ವಭಾವವೂ ಸುಳಿವು ಕೊಡುತ್ತದೆ. ಒಂದೇ ಅಂತರದಲ್ಲಿ ಬಂದರೆ ಕ್ಲಾಕ್. ಕಂಪ್ಯೂಟರ್‌ನಲ್ಲಿ ಬೇರೆ ಕೆಲಸ ಮಾಡಿದಾಗ ಮಾತ್ರ ಬಂದರೆ ಬಫರ್ (ಧ್ವನಿಯ ಡೇಟಾ ತಾತ್ಕಾಲಿಕವಾಗಿ ಕೂಡಿಡುವ ಜಾಗ) ಚಿಕ್ಕದಾಗಿದೆ, ಹೆಚ್ಚಿಸಿ. ಕೇಬಲ್ ಮುಟ್ಟಿದಾಗ ಬಂದರೆ, ಆಗ ಮಾತ್ರ ಕೇಬಲ್ ಬದಲಿಸಿ.